ಎಮ್ಮೆ ಮಾಡಬೇಕಿದ್ದ ಪಾಲು

ಮಧ್ಯಾಹ್ನ ಮೂರೂವರೆಗೆ ಸೋದರತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಮೂಗರಳಿಸಿದರು. "ಯಾರೋ ಬೆಲ್ಲ ಕಾಯಿಸ್ತಿದ್ದಾರೆ ಕಣೋ, ಎಷ್ಟು ಘಮ ಅಂತೀಯ!"

ಯಾರೂ ಕಾಯಿಸುತ್ತಿರಲಿಲ್ಲ. ನಮ್ಮ ಹುಲ್ಲಿನ ಮೆದೆ ತಾನೇ ಕಾಯುತ್ತಿತ್ತು. ನೆತ್ತಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಏಳುತ್ತಿತ್ತು.

ಕಗ್ಗದಾಸಪುರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ನಾನು ಕಾಲೇಜು ಮುಗಿಸಿ ಅತ್ತೆಯ ಮನೆಯಲ್ಲಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಜಮೀನಿನಲ್ಲಿ ಸೊಂಟದೆತ್ತರ ಹುಲ್ಲು. ಅದನ್ನು ಕೊಯ್ದು ಒಣಗಿಸಲು ಶಿವಾಜಿನಗರದಿಂದ ಜಟಕಾ ಕುದುರೆ ಸಾಕಿದ್ದ ಭಾಯಿ ಬರುತ್ತಿದ್ದರು. ನೆಲ, ಬೇಲಿ ಅತ್ತೆಯದು, ಕುಡುಗೋಲು, ಮೈಬೆವರು, ಗಾಡಿ ಅವರದು, ಹಗ್ಗದ ಖರ್ಚು ಇಬ್ಬರದು, ಹುಲ್ಲು ಅರ್ಧರ್ಧ. ಯಾರಿಗೆ ಯಾವ ಅರ್ಧ? ಭಾಯಿ ಎರಡು ರಾಶಿ ಹಾಕಬೇಕು, ಪಕ್ಕದ ಮನೆಯ ಎಮ್ಮೆಯನ್ನು ಬಿಡಬೇಕು, ಅದು ಯಾವ ರಾಶಿಯ ಮುಂದೆ ನಿಂತು ಮೇಯುತ್ತದೋ ಅದು ಅತ್ತೆಗೆ. ಎಮ್ಮೆಗೆ ಲಂಚ ಕೊಡಲಾಗದು ಎಂಬುದು ಇಬ್ಬರ ನಂಬಿಕೆ. ಅಂದರೆ, ಇನ್ನೊಬ್ಬರಿಗೆ ಆ ಉಪಾಯ ಹೊಳೆಯಲಾರದು ಎಂಬ ನಂಬಿಕೆ.

ಆ ವರ್ಷ ಒಂದು ರಾಶಿ ತುಸು ದೊಡ್ಡದಾಗಿತ್ತು. ಅದು ತನಗೇ ಬರಲೆಂದು ಅತ್ತೆ ಬೆಳಗಿನ ಜಾವವೇ ಅದಕ್ಕೆ ಬೆಲ್ಲದ ನೀರು ಎರಚಿದರು. ಚಿಕ್ಕದು ಅತ್ತೆಗೆ ಹೋಗಲೆಂದು ಭಾಯಿ ಹಿಂದಿನ ಸಂಜೆಯೇ ಅದಕ್ಕೆ ಎರಚಿದ್ದರು. ಪಾಪ, ಎಮ್ಮೆ ಅಲ್ಲೊಂದು ಬಾಯಿ ಇಲ್ಲೊಂದು ಬಾಯಿ ಹಾಕುತ್ತ ಮಧ್ಯಾಹ್ನದವರೆಗೆ ಓಡಾಡಿ, ಕೊನೆಗೆ ಎರಡರ ನಡುವೆ ಮಲಗಿಬಿಟ್ಟಿತು.

"ಇವತ್ತು ಅದರ ಮೂಡ್ ಸರಿ ಇಲ್ಲ ಅಕ್ಕಾ, ಮುಂದಿನ ವಾರ ನೋಡೋಣ" ಎಂದರು ಭಾಯಿ.

ಅಲ್ಲಿಯತನಕ ಎರಡನ್ನೂ ಸೇರಿಸಿ ಒಂದೇ ಮೆದೆ ಒಟ್ಟಿದರು, ಅತ್ತೆ ಬಾಡಿಗೆಗೆ ಕೊಟ್ಟಿದ್ದ ಕೋಣೆಯ ಗೋಡೆಗೆ ಆನಿಸಿ. ಕೈಗೆ ತೇವ ಹತ್ತಿದಾಗಲೆಲ್ಲ ಇಬ್ಬರೂ ಇದು ತಮ್ಮದೇ ಬೆಲ್ಲವೆಂದುಕೊಂಡು ಬಾಯಿ ಬಿಡಲಿಲ್ಲ. ಗೋಡೆಯ ಆಚೆ ರಾಯಚೂರು ಕಡೆಯ ಬಾಣಂತಿ, ಎಳೆಗೂಸು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ.

ವಾರ ಕಳೆದು, ಬೆಲ್ಲದ ಘಮ ಬಂದ ಆ ದಿನ ಪಾಲಿಗೆಂದೇ ಭಾಯಿ ಬಂದಿದ್ದರು. ಮೆದೆಯೊಳಗೆ ಮೊಣಕೈವರೆಗೂ ತೂರಿಸಿದ ಕೈಯನ್ನು ಥಟ್ಟನೆ ಕಿತ್ತುಕೊಂಡರು.

"ಅಕ್ಕಾ, ಒಳಗೇನು ಒಲೆ ಇಟ್ಟಿದ್ದೀರಾ?"

"ಹಸಿ ಹುಲ್ಲು ಒಟ್ಟಿಬಿಟ್ಟು ನನ್ನೇ ಕೇಳ್ತೀರಾ?"

"ನನ್ನ ಹುಲ್ಲು ಹಪ್ಪಳ ಇದ್ದಂಗಿತ್ತು! ನೀರು ಹಾಕಿದ್ಯಾರು?"

"ನೀರ್ಯಾಕೆ ಹಾಕ್ಲಿ? ಬರೀ ಒಂದು ಬಿಂದಿಗೆ ಬೆಲ್ಲದ..." ಅತ್ತೆ ನಾಲಗೆ ಕಚ್ಚಿಕೊಂಡರು.

ಭಾಯಿಯ ಮುಖ ಬಿಳಿಚಿತು. "ನೀವೂನಾ?"

ಆಗಲೇ ಕೋಣೆಯೊಳಗಿಂದ ಕೂಗು: "ಅಮ್ಮಾರ, ಗ್ವಾಡಿ ಸುಡಾಕತ್ತೈತ್ರೀ!"

ನಾನು ಒಳನುಗ್ಗಿ ಕೂಸನ್ನು ಎದೆಗವಚಿಕೊಂಡು ಹೊರಗೋಡಿದೆ, ಬಾಣಂತಿ ತಡವರಿಸುತ್ತ ಹಿಂದೆಯೇ ಬಂದಳು. ನಾವು ಅಂಗಳ ದಾಟುವಷ್ಟರಲ್ಲಿ ಅತ್ತೆ, ಭಾಯಿ ಮೆದೆ ಕೀಳತೊಡಗಿದ್ದರು. ಇವತ್ತಿಗೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ: ಹುಲ್ಲಿನ ನಡುವೆ ಕರ್ರಗಿನ ಒಂದು ಬಾಯಿ ತೆರೆದುಕೊಂಡಿತು. ಅದು ಒಮ್ಮೆ ಉಸಿರೆಳೆದ ಹಾಗಾಯಿತು. ಮರುಕ್ಷಣ ಬೆಂಕಿ ಹೆಂಚಿನ ಅಂಚಿಗೇ ಜಿಗಿಯಿತು. ಕೂಸು ಮಲಗಿದ್ದ ಜಾಗದ ಮೇಲೆ, ಹೆಂಚಿನಡಿಯ ರೀಪು ಚಟಚಟ ಹೊತ್ತಿಕೊಂಡಿತು.

ಭಾಯಿ ಒದ್ದೆ ಗೋಣಿಚೀಲದಿಂದ ಬಡಿದರು. ಅತ್ತೆ ಎಮ್ಮೆಗೆ ಎತ್ತಿಟ್ಟಿದ್ದ ಮುಸುರೆಯ ಬಕೆಟ್ಟನ್ನೇ ತಂದು ಬೀಸಿದರು.

"ಅಕ್ಕಾ, ಬೆಂಕಿ ಅಲ್ಲಿದೆ!"

"ನಿಮ್ಮ ಲುಂಗೀಲೂ ಇದೆ ಭಾಯಿ!"

ಅನ್ನದಗುಳು ಮೆತ್ತಿದ ಗಡ್ಡದಲ್ಲೇ ಭಾಯಿ ಮತ್ತೆ ಬಡಿಯಲು ನಿಂತರು. ಕೇರಿಯವರೆಲ್ಲ ಕೊಡ ಹಿಡಿದು ಬಂದ ಮೇಲೆ ಬೆಂಕಿ ಆರಿತು.

ಆರಿತೆಂದು ನಾವು ನಂಬಲಿಲ್ಲ. ಉಳಿದ ಹುಲ್ಲನ್ನು ಅಂಗಳದ ತುಂಬ ಹರಡಿದೆವು. ತಾಯಿ, ಕೂಸು ನಮ್ಮ ನಡುಮನೆಗೆ ಬಂದರು. ಪ್ರತಿ ರಾತ್ರಿ ಯಾರಾದರೊಬ್ಬರು ಎದ್ದು ಹುಲ್ಲು ಮುಟ್ಟಿ ನೋಡುವುದು, ಆ ಸದ್ದಿಗೆ ಉಳಿದವರೂ ಏಳುವುದು. ಹುಲ್ಲು ಇರುವ ತನಕ ನಿದ್ದೆಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಈಗ ಅದು ಯಾರಿಗೂ ಬೇಡ.

"ನೀವೇ ತಗೊಳ್ಳಿ ಅಕ್ಕಾ, ನೆಲ ನಿಮ್ಮದು."

"ಛೇ ಛೇ, ದುಡಿದೋರು ನೀವು, ನೀವೇ ಒಯ್ಯಿರಿ."

ಅಷ್ಟು ಮರ್ಯಾದೆಯ ಪಾಲು ನಾನು ಮತ್ತೆ ನೋಡಿಲ್ಲ. ಕೊನೆಗೆ, ಕೋಣೆಯ ರೀಪು, ಹೆಂಚನ್ನೂ ತಾವೇ ಹಾಕಿಸಿಕೊಡುವುದಾಗಿ ಒಪ್ಪಿ ಭಾಯಿ ಹುಲ್ಲನ್ನೆಲ್ಲ ಗಾಡಿಗೇರಿಸಿದರು. ಕೊನೆಯ ಗಾಡಿ ಹೊರಟ ಮೇಲೆ ಅತ್ತೆ ಅಂಗಳವನ್ನು ಒಂದು ಕಡ್ಡಿಯೂ ಉಳಿಯದಂತೆ ಗುಡಿಸಿದರು. ಅವತ್ತು ರಾತ್ರಿ ಯಾರೂ ಏಳಲಿಲ್ಲ. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ಬೇಸತ್ತು, ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೋಗಿದ್ದ.