ಬಳಪಕ್ಕಿಂತ ಮೊದಲು ಮಣ್ಣು

ನನ್ನ ಮೊಮ್ಮಗಳು ದಡ್ಡಿಯಾಗಿರಲಿಲ್ಲ. ನಾಲ್ಕು ತುಂಬದ ಕೂಸಿನ ಕೈಗೆ ದೊಡ್ಡವರ ಪಾಠ ಕೊಟ್ಟೆವು. ಆದದ್ದು ಇಷ್ಟೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಯರಗಟ್ಟಿ ಕಡೆಯ ಇಂಗ್ಲಿಷ್ ಶಾಲೆಯೊಂದರ ಗಾಡಿ ಮುನವಳ್ಳಿಯ ನಮ್ಮ ಓಣಿಗೂ ಬರತೊಡಗಿತ್ತು. ಅದನ್ನು ನೋಡಿ ತಾಯಂದಿರಿಗೆ ದಿಗಿಲು. ಅಂಗನವಾಡಿಯಲ್ಲೂ ಬರೆಸಿರಿ ಎಂದು ಟೀಚರಿಗೆ ದುಂಬಾಲು ಬಿದ್ದರು. ಹಾಡು, ಕುಂಟಾಟ ಎಲ್ಲ ಹೋಗಿ ಮುಂಜಾನೆಯಿಂದ ಪಾಟಿ, ಬಳಪ. ನಮ್ಮ ಹುಡುಗಿಯ ಬೆರಳಲ್ಲಿ ಬಳಪ ನಿಲ್ಲುತ್ತಿರಲಿಲ್ಲ. ಕೊನೆಗೆ ಬಾಗಿಲ ಚೌಕಟ್ಟು ತಬ್ಬಿಕೊಂಡು ಹೋಗಲೊಲ್ಲೆ ಎನ್ನತೊಡಗಿದಳು. ‘ಈಕಿ ಭಾಳ ಹಿಂದ ಅದಾಳ, ಮುಂದಿನ ವರ್ಷ ಕಳಸ್ರಿ’ ಎಂದು ಟೀಚರ್ ಹೇಳಿ ಕಳಿಸಿದರು. ಸೊಸೆ ಅತ್ತಳು. ನಾನು ಅಂಗನವಾಡಿಗೆ ನಡೆದೆ. ಸೊಸೆ ಹಿಂದೆಯೇ ಬಂದಳು.

“ಸಾಲಿ ವಿಷಯ ನಿಮಗೇನ್ ತಿಳಿತೈತ್ರಿ ಅತ್ತಿ? ಎರಡನೇ ಇಯತ್ತೆಗೇ ಬಿಟ್ಟವರು.”

“ಬಿಟ್ಟಿಲ್ಲವಾ, ಓಡಿ ಬಂದೇನಿ. ಕೂಸು ಯಾಕ ಓಡತೈತಿ ಅನ್ನೋದು ನನಗ ಗೊತ್ತೈತಿ, ನಿನಗ ಗೊತ್ತಿಲ್ಲ.”

ಟೀಚರ್ ಕೈ ಚೆಲ್ಲಿದರು. “ಆಯಿ, ನಾ ಬರಸಲಿಲ್ಲಂದ್ರ ಹುಡುಗ್ರೆಲ್ಲಾ ಆ ಗಾಡಿ ಹತ್ತತಾವ. ಆಮ್ಯಾಲ ಖಾಲಿ ಖೋಲಿಯೊಳಗ ಯಾರಿಗೆ ಕಲಸ್ಲಿ?”

ಅದು ಸುಳ್ಳಲ್ಲ. ಆದರೂ ನಾನು ಬಿಡಲಿಲ್ಲ. ಆಷಾಢದ ಮಂಗಳವಾರಗಳಂದು ನಮ್ಮ ಕಡೆ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುತ್ತಾರೆ. ಮೂರ್ತಿ ತಿದ್ದುವವರು ದೊಡ್ಡ ಹುಡುಗಿಯರು. ಸಣ್ಣವರ ಪಾಲಿಗೆ ಮಣ್ಣು ನಾದುವುದು, ಉಂಡೆ ಕಟ್ಟುವುದು.

“ನೀವೂ ಗುಳ್ಳವ್ವನ್ನ ಮಾಡಿದವರ. ನಿಮ್ಮವ್ವ ಮೊದಲನೇ ವರ್ಷನ ಕಣ್ಣು ಮೂಗು ತಿದ್ದು ಅಂದಿದ್ಲೇನು?”

ಟೀಚರ್ ನಕ್ಕುಬಿಟ್ಟರು. “ಇಲ್ಲರಿ. ಉಂಡಿ ಕಟ್ಟೋದ ನನ್ನ ಕೆಲಸ. ಅವೂ ಚಪ್ಪಟ ಆಗ್ತಿದ್ದವು.”

“ಹಂಗಾದ್ರ ಈಕಿಗೂ ಮಣ್ಣು ಕೊಡ್ರಿ. ಬೆರಳು ಗಟ್ಟಿ ಆಗ್ಲಿ. ಬಳಪ ಎಲ್ಲಿ ಓಡಿ ಹೋಗತೈತಿ?”

“ತಾಯಂದಿರು ಜಗಳಕ್ಕ ಬಂದ್ರ?”

“ನನ್ನ ಮನಿಗೆ ಕಳಸ್ರಿ. ಜಗಳ ನನಗೇನ್ ಹೊಸಾದಲ್ಲ.”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು, ನಗುವಿಗೋ ಸಿಟ್ಟಿಗೋ.

ಮರುದಿನ ಬೆಳಿಗ್ಗೆ ಪಾಟಿಯನ್ನು ಜೋಳದ ಚೀಲದ ಹಿಂದೆ ತಳ್ಳಿದೆ. ಬಕೆಟ್ಟಿನಲ್ಲಿ ಎರೆಮಣ್ಣು ಕಲಸಿ, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನೂ ಹಿಡಿದು ಹೋಗಿ, ಅಂಗನವಾಡಿಯ ನಟ್ಟನಡುವೆ ಮಣ್ಣು ಸುರುವಿದೆ.