ಹಲ್ಲಕ್ಕ ಮಡಿಸಿಕೊಟ್ಟ ಬ್ಲೇಡು

ಗರಗಸದ ಬ್ಲೇಡಿನ ಅಂಗಡಿ ಇಟ್ಟುಕೊಂಡವಳನ್ನು ಜನ ಹಲ್ಲಕ್ಕ ಎಂದು ಕರೆದರೆ ಅದರಲ್ಲಿ ಅವಳ ತಪ್ಪೇನೂ ಇಲ್ಲ. ಹೆಸರು ಕೇಳಿಕೊಂಡು ಬಂದ ಹೊಸಬರು ಮೊದಲು ಅವಳ ಬಾಯಿಯನ್ನೇ ನೋಡುತ್ತಾರೆ, ಅಲ್ಲಿ ಅಚ್ಚುಕಟ್ಟಾದ ಸಾಲು ಕಂಡು ಪೆಚ್ಚಾಗುತ್ತಾರೆ. ಅವಳೂ ಬೇಕೆಂದೇ ಇನ್ನಷ್ಟು ಅಗಲವಾಗಿ ನಗುತ್ತಾಳೆ.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಯ ಮೊಳೆಗಳಲ್ಲಿ ಸುರುಳಿ ಸುತ್ತಿದ, ಎರಡು ಚಕ್ರಗಳ ಮೇಲೆ ಬಳೆಯಂತೆ ಸುತ್ತುವ ಬ್ಯಾಂಡ್‌ಸಾ ಬ್ಲೇಡುಗಳು, ಮೂಲೆಯಲ್ಲಿ ತುದಿಗೆ ತುದಿ ಬೆಸೆಯುವ ವೆಲ್ಡಿಂಗ್ ಯಂತ್ರ, ಪಕ್ಕದಲ್ಲಿ ಹಲ್ಲು ಮಸೆಯುವ ಚಕ್ರ. ಮಾರುವುದಕ್ಕಿಂತ ಆರಿಸಿಕೊಡುವುದರಲ್ಲೇ ಅವಳಿಗೆ ಖುಷಿ. ಯಾವ ಮರ, ಎಷ್ಟು ದಪ್ಪ, ಹಸಿಯೋ ಒಣಗಿದ್ದೋ ಎಂದು ವಿಚಾರಿಸದೆ ಒಂದು ಬ್ಲೇಡನ್ನೂ ಕೊಡುವವಳಲ್ಲ. ಅವಸರದವರು ತಲೆ ಚಚ್ಚಿಕೊಳ್ಳುತ್ತಾರೆ. ಚಚ್ಚಿಕೊಳ್ಳಲಿ ಬಿಡಿ.

ಗಂಡ ಹಿಂದಿನ ರಸ್ತೆಯ ಸಾಮಿಲ್ಲಿನಲ್ಲಿ ಮರ ಕೊಯ್ಯುವವನು. ಇವಳು ಎಲ್ಲರಿಗೂ ಅಕ್ಕನಾದ್ದರಿಂದ ಅವನು ಎಲ್ಲರಿಗೂ ಭಾವ. ಮದುವೆಯಾದಾಗಿನಿಂದ ಅವನ ಯಂತ್ರಕ್ಕೆ ಬ್ಲೇಡು ಇವಳ ಕೈಯಿಂದಲೇ. ಇವಳು ಬೆಸೆದು, ಮಸೆದು, ಸುತ್ತಿ ಮಡಿಸಿ ಕೊಡುತ್ತಾಳೆ. ಅವನು ಬಿಚ್ಚಿ ಚಕ್ರಗಳಿಗೆ ಏರಿಸುತ್ತಾನೆ. ಇಬ್ಬರ ನಡುವೆ ಇರುವ ಜಗಳ ಒಂದೇ. ಕೊಯ್ತ ಸೊಟ್ಟಗಾದರೆ ಬ್ಲೇಡಿನ ತಪ್ಪು ಎಂದು ಅವನು, ಮರ ತಳ್ಳುವ ಕೈಯ ತಪ್ಪು ಎಂದು ಇವಳು. ಈ ಜಗಳವಿಲ್ಲದ ದಿನ ಇಬ್ಬರಿಗೂ ಊಟ ರುಚಿಸುವುದಿಲ್ಲ.

ಇಂಥ ಸಂಸಾರದ ನಡುವೆ ಒಂದು ಕಪ್ಪು ದಿಮ್ಮಿ ಬಂತು. ತಂತಿವಾದ್ಯ ಮಾಡುವ ಮುದುಕನೊಬ್ಬ ಅದನ್ನು ತನ್ನ ಅಪ್ಪನ ಕಾಲದಿಂದ ಅಟ್ಟದ ಮೇಲೆ ಒಣಗಿಸಿಟ್ಟಿದ್ದ. ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿ. ಅದನ್ನು ತೆಳುವಾದ ಹಲಗೆಗಳಾಗಿ ಕೊಯ್ದುಕೊಡಬೇಕಿತ್ತು. ಕೊಯ್ತ ವಾಲಿದರೆ ದಿಮ್ಮಿ ಹಾಳು, ಅಂಥದ್ದು ಅವನ ಬಳಿ ಇನ್ನೊಂದಿರಲಿಲ್ಲ.

ಗಟ್ಟಿ ಮರಕ್ಕೆ ಸಣ್ಣ ಹಲ್ಲಿನ ಬ್ಲೇಡೇ ಸರಿ ಎಂದು ಮಿಲ್ಲಿನ ಮಾಲೀಕ ಪಟ್ಟು ಹಿಡಿದ. ಹಲ್ಲಕ್ಕ ಒಪ್ಪಲಿಲ್ಲ. ಅಷ್ಟು ದಪ್ಪದ ದಿಮ್ಮಿಯಲ್ಲಿ ಸಣ್ಣ ಹಲ್ಲುಗಳ ಸಂದಿಗೆ ಪುಡಿ ತುಂಬಿಕೊಳ್ಳುತ್ತದೆ, ಪುಡಿ ಹೊರಗೆ ಬರದಿದ್ದರೆ ಬ್ಲೇಡು ಕಾಯುತ್ತದೆ, ಕಾದದ್ದು ದಾರಿ ತಪ್ಪುತ್ತದೆ ಎಂದಳು. ಅವಳು ಬೇಕೆಂದದ್ದು ಇಂಚಿಗೆ ಮೂರೇ ಹಲ್ಲು, ನಡುವೆ ಆಳವಾದ ಸಂದು, ತುದಿಗಳಲ್ಲಿ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡಿನ ಚೂರು. ಹಲ್ಲು ಹೆಚ್ಚು ಬಾಗದೆ ನೆಟ್ಟಗೆ ನಿಂತಿರಬೇಕು. ಅಂಥದ್ದನ್ನು ಅಂಗಡಿಯಲ್ಲಿ ಬೆಸೆಯಲು ಆಗುವುದಿಲ್ಲ, ಕಾರ್ಖಾನೆಯಿಂದಲೇ ತರಿಸಬೇಕು. ಇದು ಕೈಕೊಟ್ಟರೆ ಇನ್ನು ಮುಂದೆ ಬ್ಲೇಡುಗಳೆಲ್ಲ ಪೇಟೆಯ ದೊಡ್ಡ ಅಂಗಡಿಯಿಂದ ಎಂದು ಮಾಲೀಕ ನಗುನಗುತ್ತಲೇ ಹೇಳಿದ. ನಗುತ್ತಾ ಹೇಳಿದ್ದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಆ ಮಿಲ್ಲು ಕೈಬಿಟ್ಟರೆ ಅವಳ ಅಂಗಡಿಗೆ ಬಾಗಿಲು ಹಾಕಬೇಕಷ್ಟೇ.

ಬ್ಲೇಡು ಬಂದ ದಿನ ಅವಳು ತಂಗಿಯ ಮನೆಯ ಸಾಮಾನು ಸಾಗಿಸಲು ಹೋಗಿದ್ದಳು. ಪೆಟ್ಟಿಗೆ ನೇರವಾಗಿ ಮಿಲ್ಲಿಗೇ ಹೋಯಿತು, ಗಂಡನೇ ಬಿಚ್ಚಿ ಬ್ಲೇಡು ಏರಿಸಿದ. ಮಧ್ಯಾಹ್ನ ಅವಳು ಅಲ್ಲಿಗೆ ಬರುವ ಹೊತ್ತಿಗೆ ಸುಟ್ಟ ವಾಸನೆ ಬಾಗಿಲಿಗೇ ಬಡಿಯಿತು. ಬ್ಲೇಡು ದಿಮ್ಮಿಯನ್ನು ಕಚ್ಚಿರಲಿಲ್ಲ, ಮೇಲೆ ಮೇಲೆ ಉಜ್ಜಿ ಹೊಗೆ ಎಬ್ಬಿಸಿತ್ತು. ಮುದುಕ ದಿಮ್ಮಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಮಾಲೀಕ ಫೋನಿನಲ್ಲಿ ಪೇಟೆಯ ಅಂಗಡಿಯ ನಂಬರ್ ಹುಡುಕುತ್ತಿದ್ದ. ಗಂಡನ ಮುಖ ಸಪ್ಪಗಾಗಿತ್ತು. ಬ್ಲೇಡಿನ ತಪ್ಪು ಎಂದು ಅವನು ಅವತ್ತು ಹೇಳಲಿಲ್ಲ. ಅದು ಅವಳನ್ನು ಇನ್ನಷ್ಟು ಚುಚ್ಚಿತು.

ಯಂತ್ರ ಪೂರ್ತಿ ನಿಂತಿದೆಯೆಂದು ಖಾತ್ರಿ ಮಾಡಿಕೊಂಡು, ಅವಳು ಬಗ್ಗಿ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಕೆಳಗೆ ನೋಡಬೇಕಾದ ಚೂಪು ಮೇಲೆ ನೋಡುತ್ತಿತ್ತು. ಒಗೆದ ಅಂಗಿ ತಿರುವಿಕೊಳ್ಳುವ ಹಾಗೆ ಬ್ಲೇಡು ಒಳಹೊರಗಾಗಿತ್ತು.

ಅವಳಿಗೆ ನಗು ಬಂತು. ಬೆಸೆದ ಬ್ಲೇಡು ಕೆಲವೊಮ್ಮೆ ಹೀಗೆ ತಿರುಗಿ ಕೂರುತ್ತದೆ. ಅವಳು ಪ್ರತಿ ಸಲ ಅದನ್ನು ಸರಿಮಾಡಿಯೇ ಮಡಿಸುತ್ತಿದ್ದಳು. ಬಡಿಸುವ ಮೊದಲು ತಟ್ಟೆ ಒರೆಸಿದ ಹಾಗೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಅಂದುಕೊಂಡಿದ್ದಳು. ಇಷ್ಟು ವರ್ಷವೂ ಗಂಡ ಬಿಚ್ಚಿದ ಬ್ಲೇಡೆಲ್ಲ ಸರಿಯಾಗಿಯೇ ಬಿಚ್ಚಿಕೊಂಡಿದ್ದರಿಂದ ತಿರುಗಿಸಿ ನೋಡುವ ಪ್ರಮೇಯವೇ ಅವನಿಗೆ ಬಂದಿರಲಿಲ್ಲ. ನೆಟ್ಟಗೆ ನಿಂತ ಈ ಹಲ್ಲುಗಳ ಮೇಲು ಕೆಳಗು ಥಟ್ಟನೆ ಕಣ್ಣಿಗೆ ಹೊಳೆಯುವುದೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವಳ ಹೆಸರು ಉಳಿಯುತ್ತಿತ್ತು. ಆದರೆ ಮರ ಕೊಯ್ಯುವವರೆಲ್ಲ ಭಾವನನ್ನು ಜನ್ಮವಿಡೀ ಆಡಿಕೊಳ್ಳುತ್ತಿದ್ದರು.

"ತಪ್ಪು ನಂದೇ," ಎಂದಳು ಮಾಲೀಕನಿಗೆ. "ಒಂದ್ಸಲ ನೋಡಿ ಮಡಿಸಿ ಕೊಡಬೇಕಿತ್ತು. ಬಿಚ್ಚಿ, ಇನ್ನೊಂದ್ಸಲ ಹಾಕೋಣ."

ಬ್ಲೇಡು ಇಳಿಸಿದರು. ಅವಳು ಕೈಗವಸು ತೊಟ್ಟು, ಎರಡೂ ಕೈಯಲ್ಲಿ ಹಿಡಿದು ಮಣಿಕಟ್ಟು ತಿರುವಿದಳು. ಬ್ಲೇಡು ಝಲ್ಲೆಂದು ಮಗುಚಿಕೊಂಡಿತು. ಗಂಡ ಒಮ್ಮೆ ಹಲ್ಲುಗಳನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಬ್ಲೇಡು ಏರಿಸಿ, ಬಿಗಿ ಮಾಡಿ, ದಿಮ್ಮಿಯನ್ನು ನಿಧಾನವಾಗಿ ತಳ್ಳಿದ. ಈ ಸಲ ಕಚ್ಚಿತು. ಕಪ್ಪು ಪುಡಿ ಎಡೆಬಿಡದೆ ಉದುರಿತು. ಮೊದಲ ಹಲಗೆಯನ್ನು ಮುದುಕ ಕಿವಿಯ ಬಳಿ ಹಿಡಿದು, ಬೆರಳಿನಿಂದ ತಟ್ಟಿ ಕೇಳಿ, ಕಣ್ಣೊರೆಸಿಕೊಂಡ. ಮಾಲೀಕ ಫೋನನ್ನು ಜೇಬಿಗಿಳಿಸಿ, ತಪ್ಪು ಒಪ್ಪಿಕೊಳ್ಳುವುದಕ್ಕೂ ದೊಡ್ಡ ಮನಸ್ಸು ಬೇಕು ಎಂದು ಹಲ್ಲಕ್ಕನನ್ನು ಹೊಗಳಿದ.

ಗಂಡ ಯಂತ್ರ ನಿಲ್ಲಿಸಿದ.

"ಅವಳ ತಪ್ಪಲ್ಲ. ನಾನು ಉಲ್ಟಾ ಹಾಕಿದ್ದೆ," ಎಂದ. "ಬ್ಲೇಡು ಹೀಗೆ ತಿರುಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇವಳೇ ಸರಿಮಾಡಿ ಕೊಡ್ತಿದ್ದಳು. ಇವತ್ತು ಗೊತ್ತಾಯ್ತು."

ಮಿಲ್ಲಿಗೆ ಮಿಲ್ಲೇ ಬಿದ್ದುಬಿದ್ದು ನಕ್ಕಿತು. ಅವನೂ ನಕ್ಕ. ಇವತ್ತಿಗೂ ಅವನನ್ನು ಉಲ್ಟಾ ಭಾವ ಎನ್ನುವವರಿದ್ದಾರೆ, ಅವನು ಓಗೊಡುತ್ತಾನೆ. ಮನೆಯ ಜಗಳವೂ ಕೆಟ್ಟಿದೆ. ಕೊಯ್ತ ಸೊಟ್ಟಗಾದರೆ ಕೈಯ ತಪ್ಪೆಂದು ಅವನೇ ಮೊದಲು ಒಪ್ಪಿಬಿಡುತ್ತಾನೆ, ಹಲ್ಲಕ್ಕನಿಗೆ ಹೇಳಲು ಏನೂ ಉಳಿಯುವುದಿಲ್ಲ.

ಪೆಟ್ಟಿಗೆಯಲ್ಲಿ ಬಂದ ಬ್ಲೇಡನ್ನು ಈಗ ಅವನು ಅತ್ತಿತ್ತ ತಿರುಗಿಸಿ, ಹಲ್ಲು ಮುಟ್ಟಿ ನೋಡಿಯೇ ಏರಿಸುವುದು. ಅವಳು ಮಡಿಸಿಕೊಟ್ಟದ್ದನ್ನು ಮಾತ್ರ ಹಾಗೇ ಬಿಚ್ಚಿ ಏರಿಸುತ್ತಾನೆ. ನಾನೂ ಮನುಷ್ಯಳೇ, ಒಂದ್ಸಲ ನೋಡಿ ಹಾಕ್ರೀ ಎಂದು ಅವಳು ಗದರುತ್ತಾಳೆ.

"ನೀನು ಕೊಟ್ಟಿದ್ದನ್ನ ನೋಡೋದೇನು?" ಎನ್ನುತ್ತಾನೆ.