ಸೀಟು ಹಿಂದಕ್ಕೆ ಸರಿಸದ ಉದ್ದಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಹುಮಹಡಿ ಕಟ್ಟಡವೊಂದರ ನೆಲಮಾಳಿಗೆಯಿಂದ ರಸ್ತೆಗೆ ಏರುವ ದಾರಿಯ ನಡುವೆ ಪುಟ್ಟ ಬಿಳಿ ಕಾರೊಂದು ನಿಂತಿದೆ. ಒಳಗೆ ಆರಡಿ ಮೀರಿದ ಮನುಷ್ಯರೊಬ್ಬರು ಮಡಚಿಟ್ಟ ಕೊಡೆಯ ಹಾಗೆ ಕೂತಿದ್ದಾರೆ. ಮಂಡಿಗಳು ಸ್ಟೇರಿಂಗಿನ ಎರಡೂ ಪಕ್ಕ ಎದ್ದು ನಿಂತಿವೆ, ತಲೆ ಚಾವಣಿಗೆ ತಾಗುತ್ತಿದೆ. ಸೀಟನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದರೆ ಸುಖವಾಗಿ ಕೂರಬಹುದು. ಊಹೂಂ, ತಳ್ಳುವುದಿಲ್ಲ. ಅದೇ ಈ ಹೊತ್ತಿನ ಕೆಲಸ.

ಇವರು ವಾಹನ ಸುರಕ್ಷತಾ ದೂರು ಕೇಂದ್ರದ ಪರೀಕ್ಷಾ ಚಾಲಕ. ಎಲ್ಲರ ಬಾಯಲ್ಲೂ ಉದ್ದಣ್ಣ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಬೆಲ್ಟ್ ಸಿಕ್ಕಿಹಾಕಿಕೊಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ ಎಂದು ಕಾರಿನವರು ದೂರು ಕೊಟ್ಟರೆ, ಆ ಕಾರನ್ನು ಓಡಿಸಿ ದೋಷವನ್ನು ಕೈಯಾರೆ ಹಿಡಿಯಬೇಕಾದವರು ಇವರು. ದಿನಕ್ಕೆ ಎರಡು ಮೂರು ಕಾರು ಬರುತ್ತವೆ. ಅರ್ಧಕ್ಕರ್ಧ ಕಾರುಗಳಲ್ಲಿ ಏನೂ ಸಿಗುವುದಿಲ್ಲ.

"ಮನೇಲಿ ಹಲ್ಲುನೋವು ಅಂತ ಬಾಯಿ ಬಡ್ಕೊಂಡ ಮಗು ಡಾಕ್ಟರ್ ಮುಂದೆ ನಗ್ತಾ ಕೂರುತ್ತಲ್ಲ, ಕಾರೂ ಹಾಗೇ. ನಮ್ಮ ಮುಂದೆ ಬಂದ್ರೆ ಭಾರೀ ಸಂಭಾವಿತ" ಎನ್ನುತ್ತಾರೆ.

ಇವತ್ತಿನ ಈ ಸಂಭಾವಿತ ಕಾರು ಒಬ್ಬ ನರ್ಸಮ್ಮನದು. ತಿಂಗಳ ಹಿಂದೆ ಬೆಳಗಿನ ಪಾಳಿಗೆ ಹೊರಟವರು ಇದೇ ಏರಿನಲ್ಲಿ, ರಸ್ತೆಗೆ ಸೇರುವ ಮುನ್ನ ಬ್ರೇಕ್ ಒತ್ತಿದ್ದಾರೆ. ಕಾರು ನಿಲ್ಲಲಿಲ್ಲ. ಹಿಂದಕ್ಕೆ ಉರುಳಿ ಕಂಬಕ್ಕೆ ಗುದ್ದಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಗ್ಯಾರೇಜಿನವರು ಬ್ರೇಕ್ ಚೆನ್ನಾಗಿದೆ ಎಂದರು. ಗಂಡ ಕೀಲಿ ತೆಗೆದು ಬೀರುವಿನಲ್ಲಿಟ್ಟು, ಡ್ರೈವಿಂಗ್ ನಿನ್ನ ಕೈಲಾಗದ ಕೆಲಸ ಎಂದು ತೀರ್ಪು ಕೊಟ್ಟುಬಿಟ್ಟರು. ಆಕೆಗೆ ಹೊಟ್ಟೆಯುರಿದದ್ದು ಕಾರು ಜಜ್ಜಿಹೋದದ್ದಕ್ಕಲ್ಲ, ಆ ಮಾತಿಗೆ. ದೂರು ಕೊಟ್ಟು ಪಟ್ಟು ಹಿಡಿದು ಕೂತರು. ಇವತ್ತೂ ಏನೂ ಸಿಗದಿದ್ದರೆ 'ಚಾಲಕರ ತಪ್ಪು' ಎಂದು ದೂರು ಮುಗಿದುಹೋಗುತ್ತದೆ.

ಉದ್ದಣ್ಣನಿಗೆ ಆ ಎರಡು ಪದಗಳ ಮೇಲೆ ಹಳೆಯ ಸಿಟ್ಟಿದೆ. ಮೊದಲು ಲಾರಿ ಓಡಿಸುತ್ತಿದ್ದರು. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದೆ ಎಂದು ಮಾಲೀಕನ ಹತ್ತಿರ ಗೋಗರೆದರೆ, ಎಳೆಯುತ್ತಿರುವುದು ಸ್ಟೇರಿಂಗಲ್ಲ, ನಿನ್ನ ನಿದ್ದೆ ಎಂದು ಆತ ನಕ್ಕ. ಒಂದು ದಿನ ಲಾರಿ ಹಳ್ಳಕ್ಕೆ ಇಳಿಯಿತು. ಅವತ್ತು ಮುರಿದ ಬಲಗೈ ಹೆಬ್ಬೆರಳು ಇಂದಿಗೂ ಮಡಚುವುದಿಲ್ಲ. ಆಮೇಲೂ ತಪ್ಪು ಇವರದೇ ಆಯಿತು, ಕೆಲಸವೂ ಹೋಯಿತು.

ಹಾಗಂತ ನರ್ಸಮ್ಮನ ವಿಷಯದಲ್ಲಿ ಇವರು ಎಡವಲಿಲ್ಲ ಎಂದೇನೂ ಅಲ್ಲ. ಎರಡು ಸಲ ಇದೇ ಏರಿನಲ್ಲಿ ಓಡಿಸಿ, ಎರಡು ಸಲವೂ ಕಾರಿಗೆ ಏನೂ ಆಗಿಲ್ಲ ಎಂದಿದ್ದರು. ಎರಡನೆಯ ಸಲ ಕಾರು ವಾಪಸು ಕೊಟ್ಟಾಗ ನರ್ಸಮ್ಮ ಒಳಗೆ ಕೂತು, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳುತ್ತ ಗೊಣಗಿದರು. ಯಾರ ಕೈಗೆ ಕೊಟ್ಟರೂ ಮೊದಲು ತನ್ನ ಸೀಟನ್ನೇ ಹಿಂದಕ್ಕೆ ದಬ್ಬುತ್ತಾರಂತೆ. ಆಕೆ ಐದಡಿಗೂ ಕಡಿಮೆ. ಮಾತು ಕಿವಿಗೆ ಬಿದ್ದದ್ದೇ ಉದ್ದಣ್ಣ ಹಣೆ ಚಚ್ಚಿಕೊಂಡರು.

"ಗ್ಯಾರೇಜಿನೋನು ಸೀಟು ತಳ್ಳಿದ, ನಾನೂ ತಳ್ಳಿದೆ. ಆಕೆ ಕೂತಿದ್ದ ಹಾಗೆ ನಾವ್ಯಾರೂ ಕೂತೇ ಇರ್ಲಿಲ್ಲ. ಇನ್ನೇನು ಮಣ್ಣು ಸಿಗುತ್ತೆ?"

ಅದಕ್ಕೇ ಇವತ್ತಿನ ಈ ಸರ್ಕಸ್ಸು. ಸೀಟು ಆಕೆ ಎಳೆದುಕೊಂಡ ಜಾಗದಲ್ಲೇ ಇದೆ. ಚಕ್ರಗಳ ಹಿಂದೆ ಒಂದಡಿ ಬಿಟ್ಟು ಮರದ ದಿಮ್ಮಿ ಇಟ್ಟಿದ್ದಾರೆ. ಪಕ್ಕದಲ್ಲಿ ನರ್ಸಮ್ಮ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕೂತಿದ್ದಾರೆ. ಹೊರಗೆ ಕೇಂದ್ರದ ಇಂಜಿನಿಯರ್ ಮೇಡಂ ಟಾರ್ಚ್ ಹಿಡಿದು ನಿಂತಿದ್ದಾರೆ. ದೂರು ಮುಗಿಸಿ ಎಂದು ಮೇಲಿನವರು ಒತ್ತಾಯಿಸಿದರೂ ಇನ್ನೊಂದು ಅವಕಾಶ ಕೇಳಿ ತಂದವರು ಅವರೇ.

ಉದ್ದಣ್ಣ ಬ್ರೇಕ್ ಒತ್ತುತ್ತಾರೆ. ಏನೂ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ನರ್ಸಮ್ಮನ ಮುಖ ಸಣ್ಣದಾಗುತ್ತದೆ. ಹೆದರಿದಾಗ ಒತ್ತುವ ಹಾಗೆ ಒತ್ತಿ ಎಂದು ಆಕೆಯೇ ಹೇಳುತ್ತಾರೆ. ಉದ್ದಣ್ಣ ಬೆನ್ನನ್ನು ಸೀಟಿಗೆ ಆನಿಸಿ, ಬಲವೆಲ್ಲ ಹಾಕಿ ತುಳಿಯುತ್ತಾರೆ. 'ಟಕ್' ಎನ್ನುತ್ತದೆ. ಸೀಟು ಸರ್ರನೆ ಹಿಂದಕ್ಕೆ ಜಾರುತ್ತದೆ, ಕಾಲು ಪೆಡಲಿನಿಂದ ಕಳಚುತ್ತದೆ, ಕಾರು ಉರುಳಿ ದಿಮ್ಮಿಗೆ ಒರಗಿ ನಿಲ್ಲುತ್ತದೆ. ಇಷ್ಟು ಹೊತ್ತೂ ಮಡಚಿಕೊಂಡಿದ್ದ ಮಂಡಿಗಳಿಗೆ ಅಂತೂ ಬಿಡುಗಡೆ.

"ಸಿಸ್ಟರ್, ನನ್ನ ಕಾಲು ಉದ್ದ. ಜಾರಿದ್ರೂ ಪೆಡಲು ಮತ್ತೆ ಸಿಕ್ತು. ನಿಮಗೆ ಎಲ್ಲಿಂದ ಸಿಗ್ಬೇಕು?"

ಮೇಡಂ ಬಗ್ಗಿ ಟಾರ್ಚ್ ಬಿಡುತ್ತಾರೆ. ಸೀಟನ್ನು ಹಿಡಿದಿಡುವ ಕೊಕ್ಕೆ, ಸೀಟು ಜಾರುವ ಹಳಿಯ ಮುಂದಿನ ಕೊನೆಯ ಹಲ್ಲಿಗೆ ಪೂರ್ತಿ ಕಚ್ಚುತ್ತಿಲ್ಲ, ಅರ್ಧಕ್ಕೇ ನಿಂತಿದೆ. ಅವತ್ತು ಕಂಬಕ್ಕೆ ಗುದ್ದಿದ ರಭಸಕ್ಕೆ ಸೀಟು ಜಾರಿತು ಎಂದೇ ಆಕೆ ಇಷ್ಟು ದಿನ ಅಂದುಕೊಂಡಿದ್ದರು. ನರ್ಸಮ್ಮ ಮೊದಲು ನಗುತ್ತಾರೆ, ಆಮೇಲೆ ಅಳು ತಡೆಯಲಾಗುವುದಿಲ್ಲ. ಅಲ್ಲೇ ಕೂತು ಗಂಡನಿಗೆ ಫೋನ್ ಮಾಡಿ, ಕೀಲಿ ಇನ್ನು ಬೀರುವಿನಲ್ಲಿ ಇಡುವ ಹಾಗಿಲ್ಲ ಎಂದಷ್ಟೇ ಹೇಳಿ ಇಡುತ್ತಾರೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ತಯಾರಿಸಿದ ಕಂಪನಿ ಅದೇ ಮಾದರಿಯ ಕಾರುಗಳನ್ನೆಲ್ಲ ಮರಳಿ ಕರೆಸಿ ಕೊಕ್ಕೆ ಬದಲಿಸುತ್ತಿದೆ. ಬ್ರೇಕಿನ ದೂರು ಎಂದು ಮೂಲೆಗೆ ಬಿದ್ದಿದ್ದ ಗಿಡ್ಡನೆಯವರ ದೂರುಗಳು ಮತ್ತೆ ಮೇಲೆದ್ದಿವೆ. ಕಂಪನಿಯ ಪ್ರಕಟಣೆಯಲ್ಲಿ ಉದ್ದಣ್ಣನ ಸುದ್ದಿಯೇ ಇಲ್ಲ. ಅವರ ಹೆಂಡತಿಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಈಗ ಪ್ರತಿ ಕಾರಿನಲ್ಲೂ ಮಾಲೀಕರ ಸೀಟು ಮುಟ್ಟದೆ ಕೂರುವ ಈ ಮಹಾನುಭಾವರ ಮಂಡಿಗೆ ದಿನಾ ಎಣ್ಣೆ ತಿಕ್ಕಬೇಕಾದವರು ಅವರು. "ಊರವರ ಕಾರಿಗೆಲ್ಲ ಇವರ ಮಂಡೀನೇ ಅಡಮಾನ" ಎನ್ನುತ್ತ ತಿಕ್ಕುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಉದ್ದಣ್ಣ ಹೇಳುವುದು ಇಷ್ಟೇ. "ಆಗಿದ್ದನ್ನ ಒಬ್ಬರು ಹೇಳ್ತಿದ್ರೆ, ಮೊದಲ ಸಲಕ್ಕೇ ನಂಬಬೇಕು. ನನಗೂ ಮೂರು ಸಲ ಬೇಕಾಯ್ತು ನೋಡಿ."

ರಿಪೇರಿಯಾದ ಬಿಳಿ ಕಾರನ್ನು ಅವರೇ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಪಾಳಿ ಮುಗಿಸಿ ಬಂದ ನರ್ಸಮ್ಮ ಒಳಗೆ ಕೂತು, ಅಭ್ಯಾಸಬಲದಿಂದ ಸೀಟು ಎಳೆದುಕೊಳ್ಳಲು ಕೈ ಕೆಳಗೆ ಹಾಕುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಪಾದ ಆಗಲೇ ಪೆಡಲಿನ ಮೇಲಿದೆ.

"ಅಣ್ಣ, ಅಷ್ಟು ದೂರದಿಂದ ಇದನ್ನ ಹೇಗೆ ಓಡಿಸ್ಕೊಂಡು ಬಂದ್ರಿ?"

ಉದ್ದಣ್ಣ ಮಂಡಿ ಉಜ್ಜಿಕೊಳ್ಳುತ್ತಾರೆ. "ನೀವು ಓಡಿಸೋ ಹಾಗೇ, ಸಿಸ್ಟರ್."